ಕೊಳಗದ ಶಿಖೆ: ಧಾನ್ಯದ ಅಳತೆಯೂ ಸುಂಕದ ಒಪ್ಪಂದವೂ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೊರಡುವ ಮಾರ್ಗದಲ್ಲಿ, ಹಡಪಸರದ ಮಗ್ಗುಲಿಗೆ, ಮಗರಪಟ್ಟಾ ಎಂಬ ಉಪನಗರವಿದೆ. ಉದ್ಯೋಗನಿಮಿತ್ತ ಈ ಕಡೆಗೆ ಬಂದ ನಮ್ಮವರು ಹಲವರು ಅಲ್ಲಿ ನೆಲೆಸಿದ್ದಾರೆ. ಗಾಜಿನ ಗೋಡೆಗಳ ಕಚೇರಿಗಳು ಇಂದು ನಿಂತಿರುವ ಆ ನೆಲವು 2000ನೆಯ ಇಸವಿಯ ಸುಮಾರಿನವರೆಗೂ ಬೇಸಾಯದ ಭೂಮಿಯಾಗಿತ್ತು. ಖಡಕವಾಸಲಾ ಜಲಾಶಯದಿಂದ ಬರುವ ಮುಠಾ ಬಲದಂಡೆ ಕಾಲುವೆಯು ಹಡಪಸರದ ಸೀಮೆಗೆ ನೀರುಣಿಸುತ್ತಿತ್ತು. ಆ ಜಲಾಶಯಕ್ಕೆ 1903ರಲ್ಲಿ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿದವರು ನಮ್ಮ ವಿಶ್ವೇಶ್ವರಯ್ಯನವರೇ ಎಂಬುದನ್ನು ಇಲ್ಲಿಯ ಕನ್ನಡಿಗರಿಗೆ ನೆನಪಿಸಬೇಕಾದುದಿಲ್ಲ. ಮಗರ ಮನೆತನದ ಸುಮಾರು 120 ಕುಟುಂಬಗಳು 400 ಎಕರೆಗೂ ಮೇಲ್ಪಟ್ಟ ತಮ್ಮ ಭೂಮಿಯನ್ನು ಪರರಿಗೆ ಮಾರಿಬಿಡದೆ ಒಂದುಗೂಡಿಸಿ, ತಂದ ಭೂಮಿಗೆ ತಕ್ಕ ಪಾಲನ್ನು ಒಬ್ಬೊಬ್ಬರಿಗೂ ಗೊತ್ತುಮಾಡಿಕೊಂಡು, ತಾವೇ ಮುಂದಾಗಿ ನಗರವನ್ನು ಕಟ್ಟಿದರು. ಈ ವ್ಯವಸ್ಥೆಯನ್ನು ನಗರಯೋಜಕರು ಬಹುವಾಗಿ ಹೊಗಳಿದ್ದಾರೆ. ಅಳತೆಯ ಇತಿಹಾಸವನ್ನು ನೋಡುವವನಿಗೆ ಅದರಲ್ಲಿ ಬೇರೊಂದು ಸಂಗತಿ ಕಾಣುತ್ತದೆ. ಅವರು ಪಾಲುಮಾಡಿಕೊಂಡದ್ದು ನೆಲವನ್ನು. ನೆಲವನ್ನು ಅಳೆದ ಮೇಲೆ ಅದು ಕುಲುಕಿದರೆ ಕುಗ್ಗುವುದಿಲ್ಲ, ಸುರಿದರೆ ಹಿಗ್ಗುವುದಿಲ್ಲ. ಅದೇ ಹೊಲದ ಬೆಳೆಯನ್ನು ಕಣದಲ್ಲಿ ರಾಶಿಮಾಡಿ ಪಾಲು ಹಾಕಬೇಕಾಗಿದ್ದರೆ ಒಪ್ಪಂದವು ಅಷ್ಟು ಸುಲಭವಾಗುತ್ತಿರಲಿಲ್ಲ.

ಪ್ರಕೃತ ಲೇಖನದ ವಿಷಯವೇ ಅದು. ನಮ್ಮ ನಾಡಿನ ವಾಣಿಜ್ಯದ ಚರಿತ್ರೆಯನ್ನು ಬರೆದವರು ಸುಂಕದ ದರಗಳನ್ನೂ ಸುಂಕದಿಂದ ಬಿಡುಗಡೆಮಾಡಿದ ಶಾಸನಗಳನ್ನೂ ಅರಸರು ಪರದೇಶೀಯರೊಡನೆ ಮಾಡಿಕೊಂಡ ಕೌಲುಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಆ ಸುಂಕವನ್ನು ಎತ್ತಿದ್ದು ಯಾವ ಅಳತೆಯಿಂದ, ಆ ಅಳತೆಯ ಪಾತ್ರೆಗೆ ಧಾನ್ಯವನ್ನು ಸುರಿದವರು ಯಾರು, ಸುರಿದ ಮೇಲೆ ಬಾಯಿಯನ್ನು ಸವರಿದರೋ ಇಲ್ಲವೋ ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಮೆ. ಶಾಸನದಲ್ಲಿ ‘ಕೊಳಗ’ವೆಂದು ಕಂಡೊಡನೆ ಅದನ್ನು ಇಂದಿನ ಕಿಲೋಗ್ರಾಮಿಗೆ ಪರಿವರ್ತಿಸಿ ಕೋಷ್ಟಕವನ್ನು ರಚಿಸುವ ಪದ್ಧತಿ ರೂಢಿಯಾಗಿದೆ. ಇದು ತಪ್ಪುದಾರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವು ಅರಸರ ನಡತೆಯಲ್ಲಿರುವಂತೆಯೇ ಕಾಳಿನ ಸ್ವಭಾವದಲ್ಲಿಯೂ ಇದೆ.

ನೀರನ್ನು ಪಾತ್ರೆಗೆ ತುಂಬಿದರೆ ಅದು ಬಾಯಿಯ ಮಟ್ಟಕ್ಕೆ ನಿಂತು, ಮಿಕ್ಕದ್ದು ಚೆಲ್ಲಿಹೋಗುತ್ತದೆ. ಜೋಳವನ್ನೋ ಅಕ್ಕಿಯನ್ನೋ ತುಂಬಿದರೆ ಹಾಗಲ್ಲ. ಬಾಯಿಯ ಮೇಲೆ ಗೋಪುರದಂತೆ ಏರಿ ನಿಲ್ಲುತ್ತದೆ. ಒಂದು ಕಾಳು ಇನ್ನೊಂದು ಕಾಳಿನ ಮೇಲೆ ಜಾರದಂತೆ ತಡೆಯುವ ಘರ್ಷಣೆಯೇ ಇದಕ್ಕೆ ಕಾರಣ. ಮಾರ್ತಿನೀಕ್ ದ್ವೀಪದಲ್ಲಿ ಕೋಟೆಯನ್ನು ಕಟ್ಟಿಸುತ್ತಿದ್ದ ಫ್ರೆಂಚ್ ಎಂಜಿನಿಯರ್ ಕೂಲಂಬ್ ಎಂಬವನು, ಮಣ್ಣು ತಡೆಗೋಡೆಯನ್ನು ಎಷ್ಟು ಬಲದಿಂದ ನೂಕುತ್ತದೆಂಬುದನ್ನು ಕುರಿತು 1773ರಲ್ಲಿ ಪ್ಯಾರಿಸಿನ ಅಕಾಡೆಮಿಗೆ ಒಂದು ಪ್ರಬಂಧವನ್ನು ಒಪ್ಪಿಸಿದನು; 1776ರಲ್ಲಿ ಅದು ಅಚ್ಚಾಯಿತು. ಕಣಗಳ ನಡುವಣ ಘರ್ಷಣೆಯು ಅವುಗಳನ್ನು ಒಂದರಮೇಲೊಂದು ಅದುಮುವ ಬಲಕ್ಕೆ ಅನುಗುಣವಾಗಿ ಹೆಚ್ಚುತ್ತದೆಂಬುದು ಅದರ ಸಾರ. ರಾಶಿಯ ಇಳಿಜಾರು ಒಂದು ಗೊತ್ತಾದ ಕೋನಕ್ಕಿಂತ ಕಡಿದಾಗಲಾರದು. ಒಣಗಿದ ಧಾನ್ಯಗಳಲ್ಲಿ ಆ ಕೋನವು ಸ್ಥೂಲವಾಗಿ 25ರಿಂದ 35 ಅಂಶಗಳವರೆಗೆ ಇರುತ್ತದೆ. ಕಾಳು ಹಸಿಯಾಗಿದ್ದರೆ ಇನ್ನೂ ಹೆಚ್ಚುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡುವುದು ಉಚಿತ. ಉರುಳೆಯಾಕಾರದ ಕೊಳಗವೊಂದರ ಎತ್ತರವೂ ಬಾಯಿಯ ಅಗಲವೂ ಸಮವಾಗಿವೆ, ರಾಶಿಯ ಕೋನವು 30 ಅಂಶ ಎಂದಿಟ್ಟುಕೊಳ್ಳೋಣ. ಬಾಯಿಯ ಮೇಲೇರಿದ ಶಿಖೆಯಲ್ಲಿರುವ ಧಾನ್ಯವು ಕೊಳಗದೊಳಗಿನ ಧಾನ್ಯದ ಹತ್ತನೆಯ ಒಂದು ಭಾಗಕ್ಕೆ ತುಸು ಕಡಮೆಯಾಗುತ್ತದೆ. ಅಗಲವನ್ನು ಹಾಗೆಯೇ ಇಟ್ಟು ಎತ್ತರವನ್ನು ಅರ್ಧಮಾಡಿದ ಪಾತ್ರೆಯಾದರೆ, ಶಿಖೆಯು ಐದನೆಯ ಒಂದು ಭಾಗದ ಸಮೀಪಕ್ಕೆ ಬರುತ್ತದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗವನ್ನು ಅಳೆಯುವಷ್ಟರಲ್ಲಿ ಮೊದಲನೆಯ ಪಾತ್ರೆಯಿಂದ ಹೆಚ್ಚುಕಡಮೆ ಎರಡು ಕೊಳಗ, ಎರಡನೆಯ ಪಾತ್ರೆಯಿಂದ ಅದರದೇ ಅಳತೆಯ ನಾಲ್ಕು ಕೊಳಗದ ಹತ್ತಿರ, ಲೆಕ್ಕಕ್ಕೆ ಬಾರದೆ ಅಳೆಸಿಕೊಂಡವನ ಪಾಲಾಗುತ್ತದೆ. ಒಳಗಿನ ಹಿಡಿತವು ಒಂದೇ ಆಗಿರುವ ಎರಡು ಪಾತ್ರೆಗಳಲ್ಲಿ ಬಾಯಿ ಅಗಲವಾದುದು ಯಾವಾಗಲೂ ಕೊಳ್ಳುವವನ ಮಿತ್ರ.

ಶಿಖೆಯನ್ನು ಸವರಿ ತೆಗೆದರೂ ವಿವಾದವು ಮುಗಿಯುವುದಿಲ್ಲ. ಗೋಲಿಗಳನ್ನು ಮೆಲ್ಲನೆ ಸುರಿದರೆ ಪಾತ್ರೆಯ ನೂರು ಭಾಗಗಳಲ್ಲಿ ಸುಮಾರು 60ನ್ನು ಗೋಲಿಗಳು ತುಂಬುತ್ತವೆ; ಕುಲುಕಿದರೆ ಅದು 64ರವರೆಗೆ ಏರುತ್ತದೆ. ಧಾನ್ಯದ ಕಾಳುಗಳು ಉದ್ದುದ್ದವಾಗಿರುವುದರಿಂದ ಅಂಕೆಗಳು ಬೇರೆಯಾದಾವು, ಸ್ವಭಾವ ಅದೇ. ‘ಕುಲುಕಿ ಅಳೆ’ ಎಂದು ಕೊಳ್ಳುವವನೂ ‘ಸುಮ್ಮನೆ ತುಂಬು’ ಎಂದು ಮಾರುವವನೂ ಹೇಳುವ ಮಾತಿನಲ್ಲಿ ಇಷ್ಟು ಭೌತಶಾಸ್ತ್ರವು ಅಡಗಿದೆ. ಪೋಲೆಂಡಿನ ಇತಿಹಾಸಕಾರ ವಿಟೋಲ್ಡ್ ಕುಲಾ ಅವರು ಯೂರೋಪಿನ ಜಮೀನುದಾರರ ಅಳತೆಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಧಾನ್ಯವನ್ನು ಭುಜದ ಎತ್ತರದಿಂದ ಸುರಿಯುವುದೂ ಕೈಯ ಮಟ್ಟದಿಂದ ಸುರಿಯುವುದೂ ಎಷ್ಟು ಜಗಳಗಳಿಗೆ ಕಾರಣವಾಗಿತ್ತೆಂಬುದನ್ನು ವಿವರಿಸಿದ್ದಾರೆ. ಇಂಗ್ಲೆಂಡಿನಲ್ಲಿ ಶಿಖೆಯ ಅಳತೆಯನ್ನು ಕಾನೂನಿನಿಂದಲೇ ನಿಷೇಧಿಸಬೇಕಾಯಿತು, ಅದು 1835ರಲ್ಲಿ.

ಮರಾಠಿಯಲ್ಲಿ ಈ ಶಿಖೆಗೆ ‘ಶೀಗ’ ಎಂದು ಹೆಸರು. ಉತ್ಸುಕತೆಯು ‘ಶಿಗೇಲಾ ಪೋಹೋಚಲೀ’ ಎಂದು ಇಲ್ಲಿಯ ಪತ್ರಿಕೆಗಳಲ್ಲಿ ದಿನವೂ ಓದುವ ನಾವು, ಆ ಮಾತು ಧಾನ್ಯದ ಪೇಟೆಯಿಂದ ಬಂದುದೆಂದು ನೆನೆಯುವುದಿಲ್ಲ. ಇಲ್ಲಿಯ ‘ಖಂಡಿ’ಯೂ ನಮ್ಮ ‘ಖಂಡುಗ’ವೂ ಒಂದೇ ಕುಲದ ಪದಗಳು. ಆದರೆ ಅಲ್ಲಿ ನಾಲ್ಕು ಶೇರಿಗೆ ಒಂದು ಪಾಯಲಿ, ಹನ್ನೆರಡು ಪಾಯಲಿಗೆ ಒಂದು ಮಣ, ಇಪ್ಪತ್ತು ಮಣಕ್ಕೆ ಒಂದು ಖಂಡಿ. ಹೆಸರು ಒಂದೇ ಆದುದರಿಂದ ಹಿಡಿತವೂ ಒಂದೇ ಎಂದು ಭಾವಿಸಿ ಮಂಗಳವೇಡೆಯಿಂದಲೋ ವಿಜಾಪುರದಿಂದಲೋ ಜೋಳದ ಗಾಡಿಯನ್ನು ಪುಣೆಗೆ ಹೊಡೆದವನು ಮೋಸಹೋಗದೆ ಇರಲಾರನು.

ಈ ಹಿನ್ನೆಲೆಯಿಂದ ಶಾಸನಗಳ ಕಡೆಗೆ ತಿರುಗೋಣ. ಅಯ್ಯಾವೊಳೆಯ ಐನೂರ್ವರು, ಎಂದರೆ ಇಂದಿನ ಐಹೊಳೆಯ ಹೆಸರನ್ನು ಹೊತ್ತ ವರ್ತಕಸಂಘದವರು, ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿ, 1088ರ ಹೊತ್ತಿಗೆ ಸುಮಾತ್ರಾ ದ್ವೀಪದ ಬಾರೂಸಿನಲ್ಲಿಯೂ ಶಾಸನವನ್ನು ಹಾಕಿಸಿದ್ದರೆಂಬುದು ವಿದಿತವೇ ಇದೆ. ಶಿಕಾರಿಪುರ ತಾಲ್ಲೂಕಿನ ಹನ್ನೊಂದನೆಯ ಶತಮಾನದ ಶಾಸನವೊಂದರಲ್ಲಿ ಅವರ ದೀರ್ಘವಾದ ಪ್ರಶಸ್ತಿಯಿದೆ. ಆನೆ, ಕುದುರೆ, ರತ್ನ, ಸುಗಂಧದ್ರವ್ಯಗಳನ್ನು ಹೇಳಿ, ಅವನ್ನು ಸಗಟಾಗಿ ಮಾರಿಯೋ ಹೆಗಲ ಮೇಲೆ ಹೊತ್ತು ತಿರುಗಿಯೋ, ಸುಂಕದಿಂದಾಗುವ ನಷ್ಟವನ್ನು ತಡೆದು, ಚಕ್ರವರ್ತಿಯ ಭಂಡಾರವನ್ನು ತುಂಬುತ್ತಿದ್ದರೆಂದು ಅದು ವರ್ಣಿಸುತ್ತದೆ. ಸುಂಕವನ್ನು ತಪ್ಪಿಸಿಕೊಳ್ಳುವುದನ್ನು ಇಲ್ಲಿ ಕಳ್ಳತನವೆಂದು ಎಣಿಸಿಲ್ಲ. ಸಂಘದ ಹೆಮ್ಮೆಯ ಸಾಮರ್ಥ್ಯವೆಂದು ಕೊಂಡಾಡಿದೆ. ವಿನಾಯಿತಿಯು ಶಾಸನದಲ್ಲಿ ಇರುವುದು ಬೇರೆ, ಅದನ್ನು ದಾರಿಯ ಪ್ರತಿಯೊಂದು ಸುಂಕದ ಕಟ್ಟೆಯಲ್ಲಿಯೂ ಸಾಧಿಸಿಕೊಳ್ಳುವುದು ಬೇರೆ. ಕಾವಲುಪಡೆ, ಲಿಪಿಕಾರ, ಊರೂರಿನಲ್ಲಿ ಪರಿಚಿತರು, ಇಷ್ಟೂ ಇದ್ದ ಸಂಘಕ್ಕೆ ಅದು ಸಾಧ್ಯವಾಯಿತು. ಎರಡು ಎತ್ತಿನ ಮೇಲೆ ಹೇರನ್ನು ಹೇರಿಕೊಂಡು ಬರುವ ಒಂಟಿ ವ್ಯಾಪಾರಿಗೆ ಆ ಸೌಕರ್ಯವೆಲ್ಲಿಂದ ಬಂದೀತು?

ಅದೇ ಸಂಘದವರು ದೇವಾಲಯಗಳಿಗೆ ಬಿಟ್ಟ ದತ್ತಿಗಳನ್ನು ನೋಡಿದರೆ, ಹೇರಿಗೆ ಇಷ್ಟು, ಎತ್ತಿಗೆ ಇಷ್ಟು, ಅಂಗಡಿಗೆ ಇಷ್ಟು ಎಂದು ಎಣಿಕೆಯ ಲೆಕ್ಕವು ಒಂದು ಕಡೆ. ಧಾನ್ಯದಲ್ಲಿ ಮಾನ, ಬಳ್ಳ, ಸೊಲ್ಲಗೆ ಎಂಬ ಅಳತೆಯ ಲೆಕ್ಕವು ಇನ್ನೊಂದು ಕಡೆ. ಎಣಿಕೆಯು ಎಲ್ಲರ ಕಣ್ಣಿಗೂ ಒಂದೇ ಆಗಿ ಕಾಣುತ್ತದೆ. ಅಳತೆಗೆ ಮಾತ್ರ ಸಾಕ್ಷಿ ಬೇಕು. ತಂಜಾವೂರಿನ ದೊಡ್ಡ ಗುಡಿಯ ಶಾಸನಗಳಲ್ಲಿ ಧಾನ್ಯವನ್ನು ‘ಆಡವಲ್ಲಾನ್’ ಎಂಬ ಮರಕ್ಕಾಲಿನಿಂದ ಅಳೆಯಬೇಕೆಂದು ದೇವರ ಹೆಸರಿನಿಂದಲೇ ಗೊತ್ತುಮಾಡಿದ್ದು ಈ ಕಾರಣದಿಂದ. ನಮ್ಮಲ್ಲಿ ಶಿವಶರಣರ ಪರಂಪರೆಯು ಬಳ್ಳೇಶ ಮಲ್ಲಯ್ಯನೆಂಬ ವರ್ತಕನನ್ನು ನೆನೆಯುತ್ತದೆ. ಧಾನ್ಯವನ್ನು ಅಳೆಯುವ ಬಳ್ಳವನ್ನೇ ಲಿಂಗವೆಂದು ಪೂಜಿಸಿದವನು ಆತ. ಆ ಕಥೆಯನ್ನು ಭಕ್ತಿಯ ಮುಗ್ಧತೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ನನಗಂತೂ ಅದರಲ್ಲಿ ಪೇಟೆಯ ಧರ್ಮವೂ ಕಾಣುತ್ತದೆ: ಲಿಂಗವಾದ ಬಳ್ಳದಿಂದ ಹೆಚ್ಚಾಗಿ ಅಳೆದುಕೊಳ್ಳಲು ಯಾರ ಕೈ ಏಳುತ್ತದೆ?

ಸುಂಕದ ದರಕ್ಕೂ ಶಿಖೆಗೂ ಹೋಲಿಕೆಯನ್ನು ಮಾಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಕಾಕತೀಯ ಗಣಪತಿದೇವನು ಮೋಟುಪಲ್ಲಿಯ ಬಂದರಿಗೆ ಬರುವ ವರ್ತಕರಿಗೆ 1244-45ರಲ್ಲಿ ಕೊಟ್ಟ ಅಭಯಶಾಸನವು ಪ್ರಸಿದ್ಧವಾದುದು. ಮೂವತ್ತಕ್ಕೆ ಒಂದರಂತೆ ಗೊತ್ತಾದ ಸುಂಕವನ್ನಲ್ಲದೆ ಬೇರೇನನ್ನೂ ತೆಗೆದುಕೊಳ್ಳುವುದಿಲ್ಲವೆಂದು ಅದರಲ್ಲಿ ಭಾಷೆಕೊಟ್ಟಿದ್ದಾನೆ. ಮೂವತ್ತರಲ್ಲಿ ಒಂದು ಎಂದರೆ ನೂರಕ್ಕೆ ಮೂರು ಚಿಲ್ಲರೆ. ಕೊಳಗದ ಶಿಖೆಯಾದರೋ ನೂರಕ್ಕೆ ಹತ್ತು, ಬಾಯಿ ಅಗಲವಾಗಿದ್ದರೆ ಹತ್ತೊಂಬತ್ತು. ಅಳೆಯುವವನು ಮನಸ್ಸುಮಾಡಿದರೆ, ಅರಸನು ಬಿಟ್ಟುಕೊಟ್ಟ ಸುಂಕಕ್ಕಿಂತ ಹೆಚ್ಚಿನದನ್ನು ಬಾಯಿಬಿಡದೆ ಕೊಳಗದಲ್ಲಿಯೇ ಎತ್ತಿಕೊಳ್ಳಬಹುದು. ದರವನ್ನು ಮಾತ್ರ ಓದಿ ‘ಈ ಅರಸನು ಉದಾರಿ, ಆ ಅರಸನು ಲೋಭಿ’ ಎಂದು ತೀರ್ಪುಕೊಡುವ ನಮ್ಮ ಪಠ್ಯಪುಸ್ತಕಗಳು ಸ್ವಲ್ಪ ತಡೆದು ಯೋಚಿಸಬೇಕು.

ರೈತನು ಈ ಕಷ್ಟಕ್ಕೆ ಉಪಾಯವನ್ನು ಕಾಣದೆ ಇರಲಿಲ್ಲ. ಬಯಲುಸೀಮೆಯಲ್ಲಿ ಹಗೇವು ಇತ್ತು. ಪುಣೆಯ ಕಡೆಯವರು ಇದನ್ನು ‘ಪೇವ’ ಎನ್ನುತ್ತಾರೆ. ಹುಲ್ಲನ್ನು ಒತ್ತಾಗಿ ಹಾಸಿದ ಆ ನೆಲದೊಳಗಿನ ಹೊಂಡದಲ್ಲಿ ಜೋಳವು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಕಾಳಿನ ಭಾರವೆಲ್ಲ ತಳಕ್ಕೇ ಬೀಳುವುದಿಲ್ಲ, ಘರ್ಷಣೆಯ ಮೂಲಕ ಬಹುಪಾಲು ಗೋಡೆಗಳೇ ಹೊರುತ್ತವೆಂಬುದನ್ನು 1895ರಲ್ಲಿ ಜರ್ಮನಿಯ ಯಾನ್ಸೆನ್ ಎಂಬ ಎಂಜಿನಿಯರ್ ಪ್ರಯೋಗಗಳಿಂದ ತೋರಿಸಿದನು. ನೆಲದ ಮೇಲಿನ ಬಿದಿರ ಕಣಜವು ಹೊಟ್ಟೆಬಿಟ್ಟು ಬಿರಿಯುವುದಕ್ಕೂ ಹಗೇವಿನ ಮಣ್ಣಗೋಡೆ ಅಲುಗದಿರುವುದಕ್ಕೂ ಕಾರಣವು ಅಲ್ಲಿದೆ. ಆದರೆ ಹಗೇವು ಕಾಲವನ್ನು ಗೆಲ್ಲಿಸಿತೇ ಹೊರತು ಅಳತೆಯನ್ನಲ್ಲ. ಪೇಟೆ ಏರಿದಾಗ ಮಾರುವುದಕ್ಕೆ ಅನುಕೂಲವಾಯಿತು. ಹೊರತೆಗೆದ ಮೇಲೆ ಮತ್ತೆ ಕೊಳಗಕ್ಕೇ ಶರಣುಹೋಗಬೇಕು.

ಕರಾವಳಿಯವರ ಮುಡಿ ಮಾತ್ರ ಬೇರೆಯೇ ಬಗೆಯ ಬುದ್ಧಿವಂತಿಕೆ. ಅಕ್ಕಿಯನ್ನು ಭತ್ತದ ಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು, ಮತ್ತೆ ಬಿಗಿದು ಕಟ್ಟುವ ಈ ಉಂಡೆಯನ್ನು ದಕ್ಷಿಣ ಕನ್ನಡದಿಂದ ಬಂದ ವಾಚಕರು ಬಾಲ್ಯದಲ್ಲಿ ಕಂಡಿರಬಹುದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಎಂದರೆ 42 ಸೇರು. ಕಟ್ಟಿ ಮುಗಿದ ಮುಡಿಯು ಕಲ್ಲಿನಂತೆ ಗಟ್ಟಿ. ಸಡಿಲವಾದ ಅಕ್ಕಿಗೆ ಈ ಕಾಠಿಣ್ಯವು ಎಲ್ಲಿಂದ ಬಂದಿತೆಂದು ಕೇಳಿದರೆ, ಆಸ್ಬರ್ನ್ ರೇನಾಲ್ಡ್ಸನು 1885ರಲ್ಲಿ ಕೊಟ್ಟ ಉತ್ತರವು ಇಲ್ಲಿ ಸಲ್ಲುತ್ತದೆ: ಒತ್ತಾಗಿ ಕೂಡಿದ ಕಣಗಳ ರಾಶಿಯ ಆಕಾರವನ್ನು ಕೆಡಿಸಬೇಕಾದರೆ ಅದು ಮೊದಲು ಹಿಗ್ಗಲೇಬೇಕು, ಒಂದು ಕಾಳು ಇನ್ನೊಂದರ ಮೇಲೆ ಹತ್ತಿಯೇ ಇಳಿಯಬೇಕು. ಹುಲ್ಲಿನ ಹಗ್ಗವು ಹಿಗ್ಗಲು ಬಿಡುವುದಿಲ್ಲ. ಆದುದರಿಂದ ಮುಡಿಯು ಕೆಡುವುದೂ ಇಲ್ಲ. ಬಿಗಿದಷ್ಟೂ ಒತ್ತಡ, ಒತ್ತಡದಷ್ಟೂ ಘರ್ಷಣೆ ಎಂಬ ಕೂಲಂಬನ ನಿಯಮವೂ ಅದಕ್ಕೆ ಜೊತೆಗೂಡುತ್ತದೆ.

ವಾಣಿಜ್ಯದ ದೃಷ್ಟಿಯಿಂದ ಮುಡಿಯ ಮಹತ್ವವು ಇದಕ್ಕಿಂತ ದೊಡ್ಡದು. ಅಳೆಯುವ ವಸ್ತುವನ್ನು ಅದು ಎಣಿಸುವ ವಸ್ತುವನ್ನಾಗಿ ಮಾಡಿತು. ಒಮ್ಮೆ ಅಳೆದು ಕಟ್ಟಿದ ಮೇಲೆ ದೋಣಿಗೆ ಹೇರುವಾಗ, ಇಳಿಸುವಾಗ, ಸುಂಕದ ಕಟ್ಟೆಯಲ್ಲಿ, ಎಲ್ಲೆಲ್ಲಿಯೂ ‘ಇಷ್ಟು ಮುಡಿ’ ಎಂದು ಎಣಿಸಿದರೆ ಸಾಕು. ವಿಜಯನಗರದ ಸದಾಶಿವರಾಯನ ಹೆಸರಿನಲ್ಲಿ 1547ರ ಸೆಪ್ಟೆಂಬರ್ 19ರಂದು ಗೋವೆಯ ಪೋರ್ಚುಗೀಸರೊಡನೆ ಆದ ಒಪ್ಪಂದವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಹೋಗತಕ್ಕದ್ದು. ವಿಜಯನಗರದ ವರ್ತಕರು ತಮ್ಮ ಸರಕನ್ನು ಅಂಕೋಲೆ, ಹೊನ್ನಾವರಗಳಿಗೆ ತರತಕ್ಕದ್ದು. ಬಂಕಾಪುರದ ಕಬ್ಬಿಣವೂ ಪೆಟ್ಲುಪ್ಪೂ ಆದಿಲಶಾಹಿಯ ಬಂದರುಗಳ ಕಡೆಗೆ ಹೋಗಕೂಡದು. ಕುದುರೆಯನ್ನು ಎಣಿಸುವುದರಲ್ಲಿ ವಿವಾದವಿಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಅರಸರಿಗೂ ಪೋರ್ಚುಗೀಸರಿಗೂ ನಡೆದ ಒಪ್ಪಂದಗಳಲ್ಲಿ ಕುದುರೆಯ ಸ್ಥಾನಕ್ಕೆ ಅಕ್ಕಿಯೂ ಮೆಣಸೂ ಬಂದವು. ಗೋವೆಯ ಹೊಟ್ಟೆ ತುಂಬುತ್ತಿದ್ದುದು ಬಸರೂರು, ಮಂಗಳೂರುಗಳ ಅಕ್ಕಿಯಿಂದ. ಅಳತೆಯ ಜಗಳವು ಎಷ್ಟು ದುಬಾರಿಯೆಂಬುದನ್ನು ಪೋರ್ಚುಗೀಸರು ಬಲ್ಲವರಾಗಿದ್ದರು. 1554ರಲ್ಲಿಯೇ ಆಂತೋನಿಯೊ ನೂನೆಸ್ ಎಂಬವನು ಪೂರ್ವದ ಬಂದರುಗಳ ತೂಕ ಅಳತೆಗಳನ್ನು ಒಂದೊಂದಾಗಿ ಹೇಳುವ ಪುಸ್ತಕವನ್ನು ಅವರಿಗಾಗಿ ಸಿದ್ಧಪಡಿಸಿದ್ದನು.

ಹಾಗೆಂದು ಮುಡಿಯು ಎಲ್ಲರಿಗೂ ನ್ಯಾಯವನ್ನು ದೊರಕಿಸಿತೆಂದು ಹೇಳಲಾಗದು. ಬಂದರಿನಲ್ಲಿ ವರ್ತಕನಿಗೆ ಎಣಿಕೆಯ ನೆಮ್ಮದಿ ದೊರೆಯಿತು. ಹಳ್ಳಿಯಲ್ಲಿ ಗೇಣಿಯ ಅಕ್ಕಿಯನ್ನು ಕಳಸೆಗೆ ಸುರಿಯುವ ಘಳಿಗೆ ಮಾತ್ರ ಹಿಂದಿನಂತೆಯೇ ಉಳಿಯಿತು. ಗೇಣಿಯನ್ನು ಮುಡಿಗಳಲ್ಲಿ ಹೇಳುವುದು ವಾಡಿಕೆಯಾಗಿತ್ತು. ಆ ಮುಡಿಯು ಯಾರ ಸೇರಿನಿಂದ 42 ಎಂಬ ಪ್ರಶ್ನೆಯನ್ನು ಒಕ್ಕಲು ಕೇಳುವಂತಿರಲಿಲ್ಲ. 1974ರ ಭೂಸುಧಾರಣೆಯಿಂದ ಗೇಣಿಯೇ ಹೋದ ಮೇಲೆ ಆ ಪ್ರಶ್ನೆಯೂ ಹೋಯಿತು.

ಇಂಗ್ಲಿಷರ ಕಂಪನಿಯ ಕಾಲಕ್ಕೆ ಬಂದರೆ, ವಿನಾಯಿತಿಯನ್ನು ಬಳಸಿಕೊಳ್ಳುವ ಕಲೆಯು ಪರಾಕಾಷ್ಠೆಗೆ ಹೋಯಿತು. 1784ರ ಮಾರ್ಚ್ 11ರ ಮಂಗಳೂರಿನ ಒಡಂಬಡಿಕೆಯನ್ನು ನಾವು ಯುದ್ಧವನ್ನು ಮುಗಿಸಿದ ಕಾಗದವೆಂದೇ ಓದುತ್ತೇವೆ. ಅದರಲ್ಲಿ, ಹೈದರನು ಕಂಪನಿಗೆ ಕೊಟ್ಟಿದ್ದ ವ್ಯಾಪಾರದ ಸವಲತ್ತುಗಳನ್ನು, ವಿಶೇಷವಾಗಿ 1770ರ ಆಗಸ್ಟ್ 8ರ ಕೌಲಿನವುಗಳನ್ನು, ಟಿಪ್ಪು ಮತ್ತೆ ಸ್ಥಿರಪಡಿಸಬೇಕೆಂಬ ವಾಕ್ಯವೂ ಇದೆ. ಬಂಗಾಳದಲ್ಲಿ 1717ರ ಫರ್ಮಾನಿನ ಬಲದಿಂದ ಕಂಪನಿಯ ನೌಕರರು ತಮ್ಮ ಸ್ವಂತ ಸರಕಿಗೂ ರಹದಾರಿಯನ್ನು ಬರೆದುಕೊಂಡು ಸುಂಕವನ್ನು ತಪ್ಪಿಸಿದಾಗ, ಮೀರ್ ಕಾಸಿಮನು 1763ರಲ್ಲಿ ಬೇಸತ್ತು ಎಲ್ಲರ ಸುಂಕವನ್ನೂ ತೆಗೆದುಹಾಕಿದನು. ಸ್ವದೇಶೀ ವರ್ತಕರಿಗೂ ಸಮಾನತೆ ದೊರೆತದ್ದನ್ನೇ ಕಂಪನಿಯವರು ಅನ್ಯಾಯವೆಂದು ಕೂಗಿ ಯುದ್ಧಕ್ಕೆ ನಿಂತರು. ಅವರಿಗೆ ಬೇಕಾದದ್ದು ಸುಂಕವಿಲ್ಲದ ವ್ಯಾಪಾರವಲ್ಲ. ಇತರರು ಸುಂಕವನ್ನು ತೆರುತ್ತಿರುವಾಗ ತಾವು ಮಾತ್ರ ತೆರದ ವ್ಯಾಪಾರ. ಟಿಪ್ಪು ಇದನ್ನು ಅರಿತವನಂತೆ ಮಸ್ಕತ್ತಿನಲ್ಲಿ ತನ್ನದೇ ಕೋಠಿಯನ್ನು ತೆರೆಸಿ, ಅಲ್ಲಿಯ ಇಮಾಮನಿಂದ ಮೈಸೂರಿನ ಸರಕಿಗೆ ಸುಂಕದ ರಿಯಾಯಿತಿಯನ್ನು ಪಡೆದನು. ಮಂಗಳೂರಿನ ಅಕ್ಕಿಯನ್ನು ಮಸ್ಕತ್ತಿನವರು ಬಹುಕಾಲದಿಂದ ಉಣ್ಣುತ್ತಿದ್ದರು. ಈ ವ್ಯಾಪಾರಕ್ಕೆ ಪೋರ್ಚುಗೀಸರು ಅಡ್ಡಬಂದುದಕ್ಕೆ ಪ್ರತೀಕಾರವಾಗಿ 1695ರಲ್ಲಿ ಅರಬರು ಮಂಗಳೂರನ್ನೇ ಸುಟ್ಟಿದ್ದುಂಟು.

ಅದೇ ಮಸ್ಕತ್ತಿನಲ್ಲಿ 2025ರ ಡಿಸೆಂಬರಿನಲ್ಲಿ ಭಾರತ ಮತ್ತು ಒಮಾನ್‌ಗಳ ನಡುವೆ ಸಮಗ್ರ ಆರ್ಥಿಕ ಒಪ್ಪಂದಕ್ಕೆ ಸಹಿಯಾಯಿತು. ಸಂಯುಕ್ತ ಅರಬ್ ಸಂಸ್ಥಾನಗಳೊಡನೆ ಆದ ಅಂಥದೇ ಒಪ್ಪಂದವು 2022ರ ಮೇ 1ರಿಂದ ಜಾರಿಯಲ್ಲಿದೆ. ಈಗ ಶಿಖೆಯನ್ನು ಸವರುವ ಪ್ರಶ್ನೆಯಿಲ್ಲ. 1956ರ ಕಾನೂನಿನ ಮೇರೆಗೆ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕವು ಹಂತಹಂತವಾಗಿ ಬಂದು ಕೊಳಗವನ್ನು ಅಟ್ಟಕ್ಕೇರಿಸಿತು. ಆದರೆ ಕಾಳಿನ ಸ್ವಭಾವವು ಒಪ್ಪಂದಗಳೊಳಕ್ಕೆ ಬೇರೆ ಬಾಗಿಲಿನಿಂದ ಬಂದಿದೆ. ಸುಂಕದ ರಿಯಾಯಿತಿ ಬೇಕಾದರೆ ಸರಕು ಯಾವ ದೇಶದಲ್ಲಿ ಹುಟ್ಟಿತೆಂಬುದಕ್ಕೆ ಪ್ರಮಾಣಪತ್ರವನ್ನು ಹಾಜರುಪಡಿಸಬೇಕು. ನಮ್ಮ ದೇಶದೊಳಕ್ಕೆ ತರುವವನು ಆ ವಿವರಗಳನ್ನು ತಾನೇ ಇಟ್ಟುಕೊಂಡು ಕೇಳಿದಾಗ ತೋರಿಸಬೇಕೆಂಬ ನಿಯಮವೂ 2020ರ ಸೆಪ್ಟೆಂಬರಿನಿಂದ ಬಂದಿದೆ. ಕುದುರೆಗೆ ಮುದ್ರೆಯನ್ನೊತ್ತಬಹುದು. ಎರಡು ನಾಡಿನ ಧಾನ್ಯವು ಒಂದೇ ಉಗ್ರಾಣದಲ್ಲಿ ಬೆರೆತರೆ ಯಾವ ಕಾಳು ಎಲ್ಲಿಯದೆಂದು ಬ್ರಹ್ಮನೂ ಹೇಳಲಾರನು. ಇದಕ್ಕಾಗಿ ಹಲವು ಒಪ್ಪಂದಗಳಲ್ಲಿ, ಬೆರೆತುಹೋಗುವ ಸರಕನ್ನು ದಾಸ್ತಾನಿನ ಲೆಕ್ಕದ ಪುಸ್ತಕದಿಂದ ಬೇರ್ಪಡಿಸಲು ಅವಕಾಶವನ್ನು ಕಲ್ಪಿಸಿದ್ದಾರೆ. ಕಾಳು ಬೆರೆತಿರುತ್ತದೆ, ಕಾಗದವು ಬೆರೆತಿರುವುದಿಲ್ಲ. ಆ ಕಾಗದವನ್ನು ನಡೆಸುವುದಕ್ಕೆ ಗುಮಾಸ್ತರೂ ಗಣಕಯಂತ್ರಗಳೂ ಬೇಕು. ದೊಡ್ಡ ಸಂಸ್ಥೆಗೆ ಅದು ಅಲ್ಪವೆಚ್ಚ. ಸಣ್ಣ ರಫ್ತುದಾರನಿಗೆ ಕೆಲವೊಮ್ಮೆ ಸುಂಕವನ್ನು ತೆತ್ತುಬಿಡುವುದೇ ಲಾಭವೆನಿಸುತ್ತದೆ.

ಹಡಗಿನೊಳಗಂತೂ ರಾಶಿಯ ಕೋನವೇ ಕಾನೂನಿನ ಭಾಷೆಯಾಗಿದೆ. ಚೀಲಕ್ಕೆ ತುಂಬದೆ ಹಾಗೆಯೇ ಸುರಿದ ಧಾನ್ಯವು ಸಮುದ್ರದ ಓಲಾಟಕ್ಕೆ ಒಂದು ಬದಿಗೆ ಜಾರಿದರೆ ಹಡಗು ವಾಲಿ ಮುಳುಗಬಹುದು. 1994ರ ಜನವರಿ 1ರಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ಧಾನ್ಯಸಂಹಿತೆಯ ಪ್ರಕಾರ, ತುಂಬಿದ ಕೋಣೆಯಲ್ಲಿ ಧಾನ್ಯದ ಮೇಲ್ಮೈ 15 ಅಂಶದಷ್ಟು, ಅರೆತುಂಬಿದ ಕೋಣೆಯಲ್ಲಿ 25 ಅಂಶದಷ್ಟು ಜಾರಿತೆಂದು ಭಾವಿಸಿ ಲೆಕ್ಕಮಾಡಬೇಕು. ಆಗಲೂ ಹಡಗು 12 ಅಂಶಕ್ಕಿಂತ ಹೆಚ್ಚು ವಾಲಕೂಡದು.

ಮತ್ತೆ ಶಾಸನಗಳ ಮಾತಿಗೆ ಬರುವುದಾದರೆ, ಸಂಶೋಧಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಕೊಳಗವನ್ನು ಕಿಲೋಗ್ರಾಮಿಗೆ ತಿರುಗಿಸುವಾಗ ಒಂದೇ ಅಂಕೆಯನ್ನು ಬರೆಯದೆ, ಸವರಿದ ಅಳತೆಗೊಂದು, ಶಿಖೆಯ ಅಳತೆಗೊಂದು ಎಂದು ಎರಡು ಅಂಕೆಗಳನ್ನು ಕೊಡಬೇಕು. ಊರುಗಳಲ್ಲಿ ಉಳಿದಿರುವ ಹಳೆಯ ಕೊಳಗ, ಬಳ್ಳ, ಪಾಯಲಿಗಳ ಹಿಡಿತವನ್ನು ಮಾತ್ರವಲ್ಲದೆ ಬಾಯಿಯ ಅಗಲವನ್ನೂ ಆಳವನ್ನೂ ಗುರುತಿಸಿಕೊಳ್ಳಬೇಕು. ಪುಣೆಯಲ್ಲಿರುವ ನಮಗೆ ಎರಡು ಭಾಷೆಗಳ ಪಾತ್ರೆಗಳೂ ಕೈಗೆಟಕುವ ದೂರದಲ್ಲಿವೆ. ಹೋಲಿಕೆಯ ಈ ಕೆಲಸಕ್ಕೆ ನಮಗಿಂತ ಅನುಕೂಲಸ್ಥರು ವಿರಳ.

ಸೊಲ್ಲಾಪುರದ ಮಾರ್ಗದಿಂದ ನಗರದೊಳಕ್ಕೆ ಬರುವ ಸರಕಿಗೆ ಪುಣೆಯ ಮಹಾನಗರಪಾಲಿಕೆಯು ವಿಧಿಸುತ್ತಿದ್ದ ಜಕಾತಿಯು 2013ರ ಏಪ್ರಿಲ್ 1ರಿಂದ ನಿಂತುಹೋಯಿತು. ಇಂದು ಜೋಳದ ಲಾರಿಗಳು ತೂಕದ ಸೇತುವೆಯ ಮೇಲೆ ನಿಂತು ಚೀಟಿಯನ್ನು ಪಡೆದು ಮುಂದೆ ಸಾಗುತ್ತವೆ. ಶಿಖೆಯ ಅಳತೆಯನ್ನು ಕಣ್ಣಾರೆ ನೋಡಬೇಕೆನ್ನುವವರು ಹುಬ್ಬಳ್ಳಿ, ದಾವಣಗೆರೆಗಳ ಸಂತೆಯಲ್ಲಿ ಚುರುಮುರಿಯನ್ನು ಮಾರುವವಳ ಮುಂದೆ ಸ್ವಲ್ಪಹೊತ್ತು ನಿಲ್ಲಬೇಕು. ಸೇರು ತುಂಬಿದ ಮೇಲೆ ಅವಳು ಎಡಗೈಯನ್ನು ಅದರ ಬಾಯಿಯ ಸುತ್ತ ಬಳಸಿ ಹಿಡಿಯುತ್ತಾಳೆ. ಆ ಕೈಯ ಆಸರೆಯಿಂದ ಶಿಖೆಯು ತನ್ನ ಸಹಜವಾದ ಕೋನವನ್ನೂ ಮೀರಿ ಏರುತ್ತದೆ. ಅದನ್ನು ಚೀಲಕ್ಕೆ ಸುರಿದು, ಕೇಳುವುದಕ್ಕೆ ಮೊದಲೇ, ಮೇಲೊಂದು ಹಿಡಿಯನ್ನು ಹಾಕುತ್ತಾಳೆ.